ಬೆಳಿಗ್ಗೆ ನೋವು, ಮಧ್ಯಾಹ್ನ ಕುಣಿತ

ಜನವರಿ ೧೨

ಗುಬ್ಬಿಗೆ,

ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಗಳೆಲ್ಲ ‘ನಾನು ಕ್ಷೇಮ’ ಎಂದೇ ಶುರುವಾಗುವುದರಿಂದ ನಂಬದೆ ಬೇರೆ ದಾರಿಯೂ ಇಲ್ಲ. ಫೋನಿನಲ್ಲಂತೂ ನಿನ್ನದು ಹ್ಞೂಂ, ಉಹೂಂ ಬಿಟ್ಟರೆ ಮೂರನೆಯ ಮಾತಿಲ್ಲ.

ಈ ಕಟ್ಟಿನಲ್ಲಿ ‘ಎಂ’ ಅಕ್ಷರದ ಪ್ರೂಫ್ ಇದೆ. ಎಂದಿನಂತೆ ಹಸಿರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕಳಿಸು. ಕಾಗುಣಿತ ನೋಡುವುದಕ್ಕೆ ನಮ್ಮ ನಿಘಂಟು ಕಚೇರಿಯಲ್ಲಿ ಜನ ಇದ್ದಾರೆ. ನೀನು ನೋಡಬೇಕಾದದ್ದು ಉದಾಹರಣೆ ವಾಕ್ಯಗಳನ್ನು. ಇದು ಶಾಲೆಯ ಮಕ್ಕಳ ಇಂಗ್ಲಿಷ್-ಕನ್ನಡ ನಿಘಂಟು. ಲಂಗ ಹಾಕಿಕೊಂಡು ನನ್ನ ಮೇಜಿನ ಕೆಳಗೆ ಕೂತು ‘ಅಮ್ಮಾ, ಇದು ಅರ್ಥ ಆಗ್ಲಿಲ್ಲ’ ಎನ್ನುತ್ತಿದ್ದ ಕಾಲದಿಂದಲೂ ನೀನು ಪಾಸು ಮಾಡದ ವಾಕ್ಯವನ್ನು ನಾನು ಅಚ್ಚಿಗೆ ಕೊಟ್ಟವಳಲ್ಲ.

ಸಂಪಾದಕರ ನಿಯಮ ನಿನಗೆ ಗೊತ್ತೇ ಇದೆ. ‘ಉದಾಹರಣೆ ವಾಕ್ಯ ಬೇರೆ ನಿಘಂಟಿನಿಂದ ಕದೀಬೇಡಿ. ಕದಿಯೋದಾದ್ರೆ ನಿಮ್ಮ ಮನೆಯಿಂದ ಕದೀರಿ.’ ಹಾಗಾಗಿಯೇ ನಿನ್ನ ಅಪ್ಪ, ಪುಣ್ಯಾತ್ಮರು, ಹೋಗಿ ಎಷ್ಟೋ ವರ್ಷವಾದರೂ ‘ಡಿ’ ಅಕ್ಷರದ ಉದಾಹರಣೆಯೊಂದರಲ್ಲಿ ಇನ್ನೂ ಸ್ನಾನದ ಮನೆಯಲ್ಲಿ ಹೊತ್ತು ಕಳೆಯುತ್ತಿದ್ದಾರೆ. ಕೆಳಮನೆಯ ದರ್ಜಿ ‘ಎಚ್’ನಲ್ಲಿ ಚೌಕಾಸಿಗೆ ಇಳಿದಿದ್ದಾನೆ. ನೀನೊಬ್ಬಳು ಬಾಕಿ ಇದ್ದೆ. ಈಗ ನಿನಗೂ ಜಾಗ ಸಿಕ್ಕಿತು.

ಪದ ‘ಮಲಿಂಗರ್’. ಅಪರೂಪದ ಕ್ರಿಯಾಪದ. ಕಚೇರಿಯಲ್ಲಿ ಅರ್ಧ ಜನ ಅದನ್ನು ಯಾವುದೋ ಊರಿನ ಹೆಸರು ಅಂದುಕೊಂಡಿದ್ದರು. ಫ್ರೆಂಚ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಬಡಕಲು, ರೋಗಿಷ್ಟ ಎಂದು ಅರ್ಥ. ಇಂಗ್ಲಿಷಿಗೆ ಬಂದು ಸೈನ್ಯ ಸೇರಿತು. ಯುದ್ಧ ತಪ್ಪಿಸಿಕೊಳ್ಳಲು ಕಾಯಿಲೆ ಎಂದು ಮಲಗುವ ಸಿಪಾಯಿಗೆ ದಂಡಿನ ಡಾಕ್ಟರು ಹಾಕುವ ಬಿರುದು ಅದು. ಸುಮ್ಮನೆ ಸುಳ್ಳು ಹೇಳಿದರೆ ಸಾಲದು, ಸೋಮಾರಿಯಾದರೂ ಸಾಲದು. ಕೆಲಸ ತಪ್ಪಿಸುವುದಕ್ಕೆಂದೇ ಕಾಯಿಲೆ ಹೇಳಬೇಕು. ನಮ್ಮ ಹುಡುಗನೊಬ್ಬ ‘ಮೈಗಳ್ಳತನ ಮಾಡು’ ಎಂದು ಬರೆದಿದ್ದ. ಹೊಡೆದು ಹಾಕಿದೆ. ಮೈಗಳ್ಳ ಯಾವ ಕಾಯಿಲೆಯನ್ನೂ ಹೇಳಬೇಕಾಗಿಲ್ಲ, ಸುಮ್ಮನೆ ಕೂತರಾಯಿತು. ನಾನು ಕೊಟ್ಟದ್ದು: ‘ಕೆಲಸ ತಪ್ಪಿಸಿಕೊಳ್ಳಲು ಕಾಯಿಲೆಯ ಸೋಗು ಹಾಕು’. ಉದಾಹರಣೆ: ‘ಅವಳಿಗೆ ದಿನಾ ಬೆಳಿಗ್ಗೆ ನೋವು, ಮಧ್ಯಾಹ್ನ ಕುಣಿತ.’

ಯಾರೆಂದು ಹೇಳಬೇಕಾಗಿಲ್ಲ. ಕಾಲೇಜು ಸೇರಿದ ಮೇಲೆ ಅದೇನು ಸೊಂಟನೋವು ನಿನ್ನದು! ಬೆಳಿಗ್ಗೆ ಹಾಸಿಗೆಯಲ್ಲಿ ಮರದ ಕೊರಡು. ನಾನು ಗಂಟಲು ಹರಿದುಕೊಂಡ ಮೇಲೆ ಗೋಡೆ ಹಿಡಿದು ಏಳುತ್ತಿದ್ದೆ. ಮಧ್ಯಾಹ್ನ ನೋಡಿದರೆ ಮೆಟ್ಟಿಲುಗಳನ್ನು ಹಾರಿಕೊಂಡು ಬರುತ್ತಿದ್ದೆ. ನಿನ್ನ ಅಪ್ಪ ಬೇರೆ, ನನ್ನ ಕಣ್ಣು ತಪ್ಪಿಸಿ ಬಿಸಿನೀರಿನ ಚೀಲ ತಂದುಕೊಡುತ್ತಿದ್ದರು. ಬೇಜಾರು ಮಾಡಿಕೊಳ್ಳಬೇಡ. ಇಷ್ಟು ಚಿಕ್ಕದಾಗಿ, ಇಷ್ಟು ಚೊಕ್ಕವಾಗಿ ಒಂದು ವಾಕ್ಯ ನನಗೆ ಈಚೆಗೆ ಹುಟ್ಟಿರಲಿಲ್ಲ.

ಬೇಗ ಕಳಿಸು.

ನಿನ್ನ ಅಮ್ಮ


ಜನವರಿ ೨೯

ಅಮ್ಮನಿಗೆ,

ನಾನು ಕ್ಷೇಮ. ಪ್ರೂಫ್ ನೋಡಿದ್ದೇನೆ. ‘ಮೆಂಡ್’ನ ವಾಕ್ಯದಲ್ಲಿ ‘ಹೊಲಿದು’ ಎರಡು ಸಲ ಬಂದಿದೆ. ‘ಮೆಲ್ಟ್’ಗೆ ಬೆಣ್ಣೆ ಕರಗುವ ವಾಕ್ಯ ಕೊಟ್ಟಿದ್ದೀಯ, ಮನಸ್ಸು ಕರಗುವುದಕ್ಕೂ ಒಂದು ಕೊಟ್ಟರೆ ಚೆನ್ನಾಗಿರುತ್ತದೆ. ‘ಮಲಿಂಗರ್’ ಸರಿಯಾಗಿದೆ. ಓದಿದ ಕೂಡಲೇ ಅರ್ಥವಾಗುತ್ತದೆ. ಹಸಿರು ಗುರುತು ಹಾಕಿದ್ದೇನೆ.

ಆಸ್ಪತ್ರೆಯಲ್ಲಿ ಹೊಸ ವಾರ್ಡು ತೆರೆದಿದ್ದಾರೆ. ನಮ್ಮ ಲಾಂಡ್ರಿಗೆ ಬರುವ ಹೊದಿಕೆ, ದಿಂಬಿನ ಚೀಲಗಳ ರಾಶಿ ಸೂರು ಮುಟ್ಟುತ್ತಿದೆ. ನನಗೆ ಬೆಳಗಿನ ಪಾಳಿ. ಪಾಳಿ ಬದಲಿಸಿಕೊಡಿ ಎಂದು ಮ್ಯಾನೇಜರಿಗೆ ಅರ್ಜಿ ಬರೆದಿಟ್ಟಿದ್ದೆ. ನಿನ್ನ ಕಟ್ಟು ಬಂದ ಮೇಲೆ ಯೋಚನೆ ಮಾಡಿ ಹರಿದು ಹಾಕಿದೆ. ಕಾರಣ ಕೇಳಿದರೆ ಹೇಳುವುದಕ್ಕೆ ಸರಿಯಾದದ್ದು ಏನೂ ಇರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಗುಬ್ಬಿ


ಮಾರ್ಚ್ ೬

ಗುಬ್ಬಿಗೆ,

ನಿನ್ನ ವಾಕ್ಯ ಕಚೇರಿಯನ್ನೇ ಗೆದ್ದಿದೆ. ಚಹಾದ ಹೊತ್ತಿನಲ್ಲಿ ಸಂಪಾದಕರು ಎದ್ದು ನಿಂತು ಓದಿದರು. ‘ನೋಡ್ರಪ್ಪಾ, ಉದಾಹರಣೆ ಅಂದ್ರೆ ಇದು. ನಮ್ಮನೇಲೂ ಒಬ್ರಿದಾರೆ, ಥೇಟ್ ಹೀಗೇ’ ಎಂದರು. ಎಲ್ಲರೂ ನಕ್ಕರು. ನಾನು ಸುಳ್ಳೇಕೆ ಹೇಳಲಿ, ಹಿಗ್ಗಿ ಹೀರೇಕಾಯಿ ಆದೆ. ಹಾಳೆ ಅಚ್ಚಿಗೂ ಹೋಯಿತು.

ರಜೆಗೆ ಬರುವುದಿಲ್ಲ, ಬಸ್ಸಿನಲ್ಲಿ ಅಷ್ಟು ದೂರ ಕೂತು ಬರಲಾಗುವುದಿಲ್ಲ ಎಂದು ಚೀಟಿ ಕಳಿಸಿದ್ದೀಯ. ಎಲ್ಲರೂ ಬಸ್ಸಿನಲ್ಲಿ ಕೂತೇ ಬರುವುದು, ತಾಯಿ. ನಿಂತು ಬರುವವರು ಪಾಪದವರು. ಕೂರುವುದೂ ಒಂದು ಕಷ್ಟ ಎಂದು ಹೇಳಿದವಳು ಭೂಮಂಡಲದಲ್ಲಿ ನೀನೊಬ್ಬಳೇ ಇರಬೇಕು. ಬರುವುದಕ್ಕೆ ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಎನ್ನು. ಆ ಪದ ಬರೆದವಳ ಮುಂದೆಯೇ ಆ ಆಟ ಬೇಡ.

‘ಎನ್’ ಅಕ್ಷರದ ಪ್ರೂಫ್ ಇಟ್ಟಿದ್ದೇನೆ. ನಿನ್ನ ಅಕ್ಷರ ಯಾಕೋ ಇಳಿಜಾರಾಗಿದೆ. ಮಲಗಿಕೊಂಡು ಬರೆಯುವ ಅಭ್ಯಾಸ ಬಿಡು.

ನಿನ್ನ ಅಮ್ಮ


ಮೇ ೨

ಅಮ್ಮನಿಗೆ,

ನಾನು ಕ್ಷೇಮ. ‘ಎನ್’ ಪ್ರೂಫನ್ನು ನೋಡದೆಯೇ ವಾಪಸು ಕಳಿಸುತ್ತಿದ್ದೇನೆ. ಬಲಗಣ್ಣು ಕೆಂಪಾಗಿ ಊದಿದೆ, ಬೆಳಕು ಕಂಡರೆ ಆಗುವುದಿಲ್ಲ. ಎಲ್ಲರಿಗೂ ಕಾಣುತ್ತಿದೆ, ಆದ್ದರಿಂದ ಆಸ್ಪತ್ರೆಯ ಮೇಲಿನ ಮಹಡಿಗೆ ಹೋಗಿ ತೋರಿಸಿಕೊಂಡು ಬರುತ್ತೇನೆ.

ಈ ಸಲ ಬೇರೆ ಯಾರಿಂದಲಾದರೂ ನೋಡಿಸು.

ಗುಬ್ಬಿ


ಜೂನ್ ೯

ಅಮ್ಮನಿಗೆ,

ಇದನ್ನು ನಾಲ್ಕಾರು ಸಲ ಶುರು ಮಾಡಿ ಬಿಟ್ಟಿದ್ದೇನೆ. ಈಗ ಕಣ್ಣು ವಾಸಿಯಾಗಿದೆ, ನೆವ ಇಲ್ಲ. ಬರೆದುಬಿಡುತ್ತೇನೆ.

ಕಣ್ಣಿನ ಡಾಕ್ಟರು ಹೆಂಗಸು, ನಿನ್ನ ವಯಸ್ಸಿರಬಹುದು. ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ದೀಪ ಆರಿಸಿ, ‘ಸೊಂಟ ನೋಯುತ್ತಾ?’ ಎಂದರು.

ನಾನು ‘ಇಲ್ಲ’ ಎಂದೆ.

ಕಣ್ಣು ತೋರಿಸಲು ಬಂದವಳು ಸೊಂಟದ ಮಾತು ಎತ್ತಿದರೆ ಏನೆಂದುಕೊಳ್ಳುತ್ತಾರೆ ಎಂದು ಭಯವಾಯಿತು. ಅವರು ಬಿಡಲಿಲ್ಲ. ‘ಯೋಚ್ನೆ ಮಾಡಿ ಹೇಳಮ್ಮ. ಬೆಳಿಗ್ಗೆ ಎದ್ದಾಗ ಜಾಸ್ತಿ, ಓಡಾಡಿದ ಮೇಲೆ ಕಡಿಮೆ, ಮಧ್ಯಾಹ್ನದ ಹೊತ್ತಿಗೆ ಏನೂ ಇಲ್ವೇನೋ ಅನ್ನೋ ಹಾಗೆ. ಹಾಗೇನಾದ್ರೂ ಇದೆಯಾ?’

ಅಮ್ಮಾ, ಅವರು ನಿನ್ನ ನಿಘಂಟು ಓದಿದ್ದಾರೆ ಎಂದೇ ನನಗೆ ಮೊದಲು ಅನ್ನಿಸಿತು. ‘ನಿಮಗ್ಯಾರು ಹೇಳಿದ್ರು?’ ಎಂದು ಕೇಳಿದೆ. ‘ಯಾರೂ ಹೇಳಿಲ್ಲ. ಈ ಕಾಯಿಲೆ ಇರೋದೇ ಹಾಗೆ’ ಎಂದರು.

ಎಕ್ಸರೇ ತೆಗೆದರು, ರಕ್ತ ನೋಡಿದರು. ಕೀಲುಗಳ ಡಾಕ್ಟರ ಹತ್ತಿರ ಕಳಿಸಿದರು. ಬೆನ್ನುಮೂಳೆ ಸೊಂಟಕ್ಕೆ ಕೂಡುವ ಕಡೆ ಕೀಲುಗಳಲ್ಲಿ ಉರಿ ಏಳುವ ಕಾಯಿಲೆ. ಸುಮ್ಮನೆ ಕೂತರೆ, ಮಲಗಿದರೆ ಬಿಗಿಯುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಕೆಲವರಿಗೆ ಕಣ್ಣಿಗೂ ಬರುತ್ತದೆ. ಎಡಗಡೆಯ ಕೀಲು ಆಗಲೇ ಬೆಸೆದುಕೊಂಡುಬಿಟ್ಟಿದೆ. ಅದು ಇನ್ನು ಬಿಡುವುದಿಲ್ಲ. ಉಳಿದದ್ದನ್ನು ಔಷಧಿಯಿಂದ, ವ್ಯಾಯಾಮದಿಂದ ಕಾಪಾಡಿಕೊಳ್ಳಬಹುದಂತೆ. ಆ ಡಾಕ್ಟರು ‘ಎಷ್ಟು ವರ್ಷದಿಂದ ಇದೆ?’ ಎಂದರು. ಕಾಲೇಜಿನಿಂದ ಎಂದೆ. ‘ಇಷ್ಟು ವರ್ಷ ಯಾಕೆ ಬರಲಿಲ್ಲ? ಇದೇ ಕಟ್ಟಡದ ಕೆಳಗೆ ಕೆಲಸ ಮಾಡ್ತೀರಿ!’ ಎಂದು ರೇಗಿದರು. ಕೆಲಸ ಜಾಸ್ತಿ ಇತ್ತು ಎಂದೆ.

ನಿಜ ಹೇಳುತ್ತೇನೆ, ಕೇಳು. ಕಾಯಿಲೆ ಇದೆ ಎಂದು ಅವರು ಹೇಳಿದಾಗ ನನಗೆ ಖುಷಿಯಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಖುಷಿಗೆ ಅತ್ತೆ. ವಾಸಿಯಾಗದ ಕಾಯಿಲೆ ಬಂದದ್ದಕ್ಕೆ ಖುಷಿಪಡುವ ಹೆಂಗಸು ಎಂಥವಳು ಎಂದು ಆಮೇಲೆ ನಾಚಿಕೆಯಾಯಿತು. ಆದರೆ ಇಷ್ಟು ವರ್ಷ ನೋವಿಗಿಂತ ಹೆಚ್ಚಾಗಿ ನನ್ನನ್ನು ತಿಂದದ್ದು ಇನ್ನೊಂದು. ನಾನೇ ನಾಟಕ ಆಡುತ್ತಿದ್ದೇನೇನೋ, ನನಗೇ ಅದು ಗೊತ್ತಾಗುತ್ತಿಲ್ಲವೇನೋ ಎಂಬ ಅನುಮಾನ. ಬೆಳಿಗ್ಗೆ ಏಳಲಾಗದೆ ಇದ್ದಾಗ, ‘ಮಧ್ಯಾಹ್ನ ಸರಿಹೋಗುತ್ತಲ್ಲ, ಹಾಗಾದರೆ ಇದು ಸುಳ್ಳೇ’ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿನ್ನ ದನಿಯಲ್ಲೇ ಹೇಳಿಕೊಳ್ಳುತ್ತಿದ್ದೆ.

ಇನ್ನೊಂದು ವಿಷಯ. ಹೋದ ವರ್ಷ ಇಸ್ತ್ರಿ ಮಾಡುವವಳೊಬ್ಬಳು ಭುಜ ಎತ್ತಲಾಗುತ್ತಿಲ್ಲ ಎಂದು ಬಂದಿದ್ದಳು. ನಾನು ಅವಳ ಮೇಲ್ವಿಚಾರಕಿ. ‘ನಿನ್ನೆ ಸಂಜೆ ಮಗೂನ ಎತ್ಕೊಂಡು ಹೋಗ್ತಿದ್ದೆಯಲ್ಲ, ಆಗ ಎಲ್ಲಿತ್ತು ಭುಜ?’ ಎಂದೆ. ಎಲ್ಲರ ಮುಂದೆ ಎಂದೆ. ಅವಳು ತಲೆ ತಗ್ಗಿಸಿಕೊಂಡು ಹೋಗಿ ಮತ್ತೆ ಇಸ್ತ್ರಿ ಹಿಡಿದಳು. ಈ ವಾರ ಅವಳ ಹತ್ತಿರ ಹೋಗಿ ಕ್ಷಮೆ ಕೇಳಿದೆ. ‘ಬಿಡಿ ಅಕ್ಕಾ, ನೀವೂ ಏನ್ ಮಾಡ್ತೀರಿ’ ಎಂದಳು. ಅವಳು ಬೈದಿದ್ದರೆ ವಾಸಿಯಿತ್ತು.

ನೀನು ಸುಳ್ಳು ಬರೆದಿಲ್ಲ. ಬೆಳಿಗ್ಗೆ ನೋವು, ಮಧ್ಯಾಹ್ನ ಕುಣಿತ. ಅದೇ ನನ್ನ ಕಾಯಿಲೆ.

ಗುಬ್ಬಿ


ಜೂನ್ ೧೬

ಗುಬ್ಬಿಗೆ,

ಕಾಗದ ತಲುಪಿತು. ಇನ್ನೊಬ್ಬ ಡಾಕ್ಟರಿಗೂ ತೋರಿಸು, ಒಬ್ಬರ ಮಾತು ಕೇಳಿ ಹೆದರಬೇಡ.

ನನಗೆ ಹೇಗೆ ಗೊತ್ತಾಗಬೇಕಿತ್ತು? ನಾನು ಡಾಕ್ಟರಲ್ಲ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಕಚೇರಿಗೆ ಹೊರಡಬೇಕಾದವಳು. ಕಣ್ಣಿಗೆ ಕಂಡದ್ದನ್ನು ಹೇಳಿದೆ. ನೀನಾದರೂ ಒಂದು ಸಲ ಗಟ್ಟಿಯಾಗಿ ಕೂತು ಹೇಳಿದ್ದರೆ ಕೇಳುತ್ತಿರಲಿಲ್ಲವೇ? ಎಲ್ಲವನ್ನೂ ನುಂಗಿಕೊಂಡು ಕೊನೆಗೆ ನನ್ನ ತಲೆಗೆ ಕಟ್ಟಿದರೆ ಹೇಗೆ?

ತಣ್ಣೀರು ಮುಟ್ಟಬೇಡ. ಭಾರ ಎತ್ತಬೇಡ.

ಅಮ್ಮ


ಜುಲೈ ೨೪

ಗುಬ್ಬಿಗೆ,

ನೀನು ಉತ್ತರ ಬರೆಯಲಿಲ್ಲ. ಬರೆಯುವಂಥದ್ದನ್ನು ನಾನು ಕಳಿಸಿರಲಿಲ್ಲ. ಜೂನಿನ ಆ ಕಾಗದವನ್ನು ದಯವಿಟ್ಟು ಹರಿದು ಹಾಕು. ‘ಗಟ್ಟಿಯಾಗಿ ಹೇಳಿದ್ದರೆ’ ಎಂದು ಬರೆದವಳಿಗೆ, ನೀನು ಗಟ್ಟಿಯಾಗಿಯೇ ಹೇಳಿದ ಒಂದು ಬೆಳಿಗ್ಗೆ ಚೆನ್ನಾಗಿ ನೆನಪಿತ್ತು. ‘ಅಮ್ಮಾ, ಸುಳ್ಳಲ್ಲಮ್ಮ’ ಎಂದು ಹಾಸಿಗೆಯಿಂದ ಕೂಗಿದೆ. ನಾನು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆ, ನಾಟಕ ಚೆನ್ನಾಗಿದೆ ಎಂದು. ನಿನ್ನ ಅಪ್ಪ ನನ್ನ ಮುಖ ನೋಡಿದರು. ಆಮೇಲೆ ನೀನು ಯಾವತ್ತೂ ಕೂಗಲಿಲ್ಲ.

ಆ ವಾಕ್ಯ ತೆಗೆಸಬೇಕೆಂದು ಸಂಪಾದಕರ ಹತ್ತಿರ ಹೋದೆ. ಹಾಳೆ ಅಚ್ಚಾಗಿ ಕಟ್ಟು ಕಟ್ಟಿಟ್ಟಿದ್ದರು. ಕಾರಣ ಕೇಳಿದರು. ನನ್ನ ಬಾಯಿಗೆ ಬಂದದ್ದೇನು ಗೊತ್ತೇ? ‘ವಾಕ್ಯ ಅಷ್ಟೇನೂ ಚೆನ್ನಾಗಿಲ್ಲ ಸರ್.’ ಅವರು ನಕ್ಕರು. ‘ಇಡೀ ಕಚೇರಿ ಬಾಯಿಪಾಠ ಮಾಡ್ಕೊಂಡಿದೆ, ಚೆನ್ನಾಗಿಲ್ಲ ಅಂತೀರಲ್ಲಮ್ಮಾ! ಅಚ್ಚಾದ ಹಾಳೆ ಸುಮ್ಮಸುಮ್ಮನೆ ಕಿತ್ತು ಹಾಕೋಕಾಗುತ್ತಾ?’ ನಾನು ತಲೆಯಾಡಿಸಿ ವಾಪಸು ಬಂದು ಕೂತೆ. ನಮ್ಮ ಮನೆಯಲ್ಲಿ ನೆವ ಹೂಡುವವಳು ಯಾರೆಂದು ಅವತ್ತು ಗೊತ್ತಾಯಿತು. ನಿಜ ಹೇಳಿದರೆ ಕಚೇರಿಯಲ್ಲಿ ನನ್ನ ಹೆಸರಿಗೆ ಏನಾಗುತ್ತದೋ ಎಂದು ಅಂಜಿ, ನಿನ್ನನ್ನು ಎರಡನೆಯ ಸಲ ಆ ಹಾಳೆಯ ಮೇಲೆ ಬಿಟ್ಟು ಬಂದೆ.

ಹೋದ ವಾರ ಪುಟ ಜೋಡಿಸುವ ಹೆಣ್ಣುಮಗಳು ತಡವಾಗಿ ಬಂದಳು. ಅವಳಿಗೆ ಅರೆತಲೆನೋವು. ಮುಖ ಬಿಳಿಚಿಕೊಂಡಿತ್ತು. ಯಾರೋ ಒಬ್ಬ, ‘ಏನಮ್ಮಾ, ಬೆಳಿಗ್ಗೆ ನೋವು, ಮಧ್ಯಾಹ್ನ ಕುಣಿತಾನಾ?’ ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗುವನ್ನು ನಾನು ನೋಡಿದ್ದೆ, ಗುಬ್ಬಿ. ನನ್ನ ತಮಾಷೆಗಳಿಗೆಲ್ಲ ನೀನು ಹಾಗೆಯೇ ನಗುತ್ತಿದ್ದೆ. ನಿನಗೂ ಮಜಾ ಎಂದುಕೊಂಡು ಇನ್ನೊಂದು ಹೇಳುತ್ತಿದ್ದೆ.

ಎದ್ದು ನಿಂತೆ. ಚಹಾದ ಲೋಟ ಕೆಳಗಿಟ್ಟೆ. ‘ಆ ವಾಕ್ಯದಲ್ಲಿರೋಳು ನನ್ನ ಮಗಳು. ಅವಳಿಗೆ ನಿಜವಾಗ್ಲೂ ಕಾಯಿಲೆ. ಸೊಂಟದ ಕೀಲು ಬೆಸೆದುಕೊಳ್ಳೋವರೆಗೂ ನಾನು ನಂಬಲಿಲ್ಲ. ನಿಮ್ಮನ್ನೆಲ್ಲ ನಗಿಸೋಕೆ ಅವಳನ್ನ ಬರೆದೆ’ ಎಂದೆ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು; ಅದೂ ನುಂಗಲಿಲ್ಲ, ಕೂತು ಮಿಕ್ಕ ಕೆಲಸ ಮುಗಿಸಬೇಕಾಯಿತು. ಸಂಪಾದಕರು ಒಳಗೆ ಹೋದರು. ಗಾಜಿನ ಆಚೆ ಅವರು ಮನೆಗೆ ಫೋನು ಮಾಡುವುದು ಕಾಣುತ್ತಿತ್ತು. ಸಂಜೆ ಬಂದು, ‘ಆ ಹಾಳೆ ಬದಲಾಯಿಸೋಣ. ಬೇರೆ ವಾಕ್ಯ ಕೊಡಿ’ ಎಂದರು.

ನನ್ನಿಂದ ಆಗಲಿಲ್ಲ. ಯಾವ ವಾಕ್ಯ ಬರೆದರೂ ಅದರೊಳಗೆ ಯಾರೋ ಒಬ್ಬರು ಮಲಗಿರುತ್ತಾರೆ, ಇನ್ನೊಬ್ಬರು ಬಾಗಿಲಲ್ಲಿ ನಿಂತು ಅವರನ್ನು ಸುಳ್ಳರು ಎನ್ನುತ್ತಿರುತ್ತಾರೆ. ಆ ಕ್ರಿಯಾಪದವನ್ನು ಬಳಸುವ ರೀತಿಯೇ ಅದು. ಬಾಗಿಲಲ್ಲಿ ನಿಂತವರಿಗೆ ಹೇಗೆ ಗೊತ್ತು ಎಂದು ಯಾವ ನಿಘಂಟೂ ಕೇಳಿಲ್ಲ, ನಾನೂ ಕೇಳಲಿಲ್ಲ. ಮೂಲದಲ್ಲಿ ಆ ಪದ ನಿಜವಾದ ರೋಗಿಯದು ಎಂದು ನಿನಗೆ ಬರೆದವಳು ನಾನೇ. ಬರೆದೆ, ಪಾಂಡಿತ್ಯ ಮೆರೆದೆ, ಮುಂದೆ ಹೋದೆ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎನ್ನುತ್ತಾರೆ. ನನಗೆ ಮಾತು ಗೊತ್ತು ಎಂದು ಊರೆಲ್ಲ ಹೆಸರು. ಮಗಳ ಮೈಯಲ್ಲಿ ಕಂಡ ಲಕ್ಷಣವನ್ನು ಒಂದೂ ಬಿಡದೆ ಸರಿಯಾಗಿ ಬರೆದು, ಅದರ ಅರ್ಥ ಮಾತ್ರ ತಪ್ಪು ಕೊಟ್ಟೆ. ಈಗ ನಿಘಂಟಿನಲ್ಲಿ ಆ ಪದಕ್ಕೆ ಅರ್ಥವಷ್ಟೇ ಇದೆ, ಉದಾಹರಣೆಯಿಲ್ಲ.

ಒಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ಕಾಯಿಲೆ ಇಟ್ಟುಕೊಂಡು ಚೆನ್ನಾಗಿರುವ ಸೋಗು ಹಾಕುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದ ಹುಡುಕಿದೆ. ಹತ್ತಿರದವು ಸಿಕ್ಕವು, ಅದೇ ಎನ್ನುವಂಥದ್ದು ನನಗೆ ಸಿಗಲಿಲ್ಲ. ಆಮೇಲೆ ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಓದಿದೆ. ಜೂನಿನದೊಂದನ್ನು ಬಿಟ್ಟು ಎಲ್ಲವೂ ‘ನಾನು ಕ್ಷೇಮ’. ಕಣ್ಣು ಊದಿ ಓದಲಾಗದ ದಿನವೂ ‘ನಾನು ಕ್ಷೇಮ’. ಅದನ್ನು ಹಾಗೆ ಬರೆಯುವುದನ್ನು ನಿನಗೆ ಕಲಿಸಿದ್ದೂ ನಾನೇ. ಕಾಗದ ಬರೆಯುವ ಕ್ರಮ ಎಂದು ಕಲಿಸಿದೆ.

ನನ್ನ ಮೇಲೆ ಕೋಪ ಇಟ್ಟುಕೋ, ಅದು ನಿನ್ನದು. ಆದರೆ ಒಂದೇ ಒಂದು ಕಾಗದವನ್ನು ಆ ಮಾತಿಲ್ಲದೆ ಬರೆ. ಎಲ್ಲೆಲ್ಲಿ ನೋಯುತ್ತದೆ, ಎಷ್ಟು ನೋಯುತ್ತದೆ, ಬರೆ. ಬಂದು ನೋಡಲೇ ಎಂದು ಕೇಳುವುದಕ್ಕೆ ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ಅಮ್ಮ


ಆಗಸ್ಟ್ ೧೧

ಅಮ್ಮಾ,

ನಾನು ಕ್ಷೇಮವಾಗಿಲ್ಲ.

ಬೆಳಗಿನ ಜಾವವೇ ಎಚ್ಚರವಾಗುತ್ತದೆ. ಎಡ ಮಗ್ಗುಲಾಗಲು ಆಗುವುದಿಲ್ಲ. ಕಾಲು ಕೆಳಗಿಡುವ ಮೊದಲು ಮಂಚದ ಅಂಚು ಹಿಡಿದು ಬಹಳ ಹೊತ್ತು ಕೂರುತ್ತೇನೆ. ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾರೆ, ಕಾಲಿನಿಂದಲೇ ಎಳೆದುಕೊಳ್ಳುತ್ತೇನೆ. ಸೀನು ಬಂದರೆ ಬೆನ್ನಿನಿಂದ ತೊಡೆಯವರೆಗೆ ಸೀಳಿದಂತಾಗುತ್ತದೆ, ಅದಕ್ಕೇ ಗೋಡೆ ಹಿಡಿದುಕೊಂಡು ಸೀನುತ್ತೇನೆ. ಮಲಗಿಯೇ ಬರೆಯುತ್ತೇನೆ, ಅಕ್ಷರ ಇಳಿಜಾರಾಗುವುದು ಅದಕ್ಕೇ. ಇಷ್ಟನ್ನು ಬರೆಯುವುದಕ್ಕೆ ಎಷ್ಟು ನಾಚಿಕೆಯಾಗುತ್ತಿದೆ ಎಂದರೆ, ಯಾರದೋ ವಸ್ತು ಕದ್ದು ಸಿಕ್ಕಿಬಿದ್ದಂತೆ ಕಿವಿ ಬಿಸಿಯಾಗಿದೆ. ಬರೆಯುತ್ತಾ ಹೋದರೆ ಅಭ್ಯಾಸವಾಗಬಹುದು.

ಕೋಪ ಹೋಗಿಲ್ಲ. ಆ ಚಪ್ಪಾಳೆ ನಿನಗೆ ಮರೆತುಹೋಗಿದೆ ಎಂದುಕೊಂಡಿದ್ದೆ. ನೆನಪಿದೆ ಎಂದು ತಿಳಿದು ಕೋಪ ಹೆಚ್ಚಾಯಿತು, ಆಮೇಲೆ ಯಾಕೋ ಸ್ವಲ್ಪ ಕಡಿಮೆಯೂ ಆಯಿತು.

ಔಷಧಿ ಶುರು ಮಾಡಿದ್ದಾರೆ. ಮ್ಯಾನೇಜರಿಗೆ ಪಾಳಿಯ ಅರ್ಜಿ ಮತ್ತೆ ಬರೆದುಕೊಟ್ಟೆ; ಈ ಸಲ ಕಾರಣ ಬರೆದೆ.

ಅಪ್ಪನ ಬಿಸಿನೀರಿನ ಚೀಲ ಇನ್ನೂ ಇದ್ದರೆ ತೆಗೆದುಕೊಂಡು ಬಾ. ಬೆಳಿಗ್ಗೆ ನಾನು ಏಳುವ ಮೊದಲೇ ಬಂದುಬಿಡು, ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿರುತ್ತೇನೆ. ಮಧ್ಯಾಹ್ನ ಬರಬೇಡ, ಅಮ್ಮ. ಮಧ್ಯಾಹ್ನ ಬಂದರೆ ಓಡಾಡಿಕೊಂಡಿರುತ್ತೇನೆ, ನಿನಗೆ ಏನೂ ಕಾಣುವುದಿಲ್ಲ.

ಗುಬ್ಬಿ